‘ಆರೋಪಿ’ ಎಂಬ ಪದವನ್ನು ಅಳಿಸುವವರು ಯಾರು?

ಬದುಕಿರುವ ಹೆಂಡತಿಯನ್ನು ಕೊಂದರೆಂಬ ಆಪಾದನೆಯ ಮೇಲೆ ಗಿರಿಜನ ಕೂಲಿಕಾರರೊಬ್ಬರು ಸುಮಾರು ಎರಡು ವರ್ಷ ಸೆರೆಮನೆಯಲ್ಲಿ ಕಳೆದರು. 2025ರ ಏಪ್ರಿಲ್‌ನಲ್ಲಿ ಈ ಸುದ್ದಿಯನ್ನು ನೀವೆಲ್ಲ ಓದಿದ್ದೀರಿ. ಸತ್ತಳೆಂದುಕೊಂಡ ಹೆಂಡತಿ ಮಡಿಕೇರಿಯಲ್ಲಿ ಸಿಕ್ಕಳೆಂದು ಕೇಳಿ ನಕ್ಕವರೂ ನಮ್ಮ ನಡುವೆ ಇದ್ದಾರೆ. ಆ ನಗುವಿನ ವಿರುದ್ಧವೇ ಈ ಬರಹ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಬೇಕಾದಷ್ಟು ಸಲ, ಬೇಡವಾದ ರೀತಿಯಲ್ಲಿ ಅಚ್ಚಾಗಿದೆ. ಆದರೆ ‘ಅವರು’ ಎಂದೇ ಬರೆಯುತ್ತೇನೆ. ಆರೋಪ ಹೊತ್ತವನಿಂದ ನಮ್ಮ ಭಾಷೆ ಮೊದಲು ಕಿತ್ತುಕೊಳ್ಳುವುದು ಬಹುವಚನವನ್ನು. ಹಾಡಿಯ ಮನುಷ್ಯನಾದರೆ ಕಿತ್ತುಕೊಳ್ಳುವ ಕಷ್ಟವೂ ಇಲ್ಲ, ಅದನ್ನು ಯಾರೂ ಕೊಟ್ಟೇ ಇರುವುದಿಲ್ಲ.

ನಡೆದದ್ದು ಇಷ್ಟು. ಕುಶಾಲನಗರದ ಬಳಿಯ ಬಸವನಹಳ್ಳಿಯ ಅವರು, ಹೆಂಡತಿ ಕಾಣೆಯಾಗಿದ್ದಾಳೆಂದು 2020ರಲ್ಲಿ ತಾವೇ ಪೊಲೀಸರಿಗೆ ದೂರು ಕೊಟ್ಟರು. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಠಾಣೆಯ ವ್ಯಾಪ್ತಿಯಲ್ಲಿ ಒಬ್ಬ ಹೆಂಗಸಿನ ಅಸ್ಥಿಪಂಜರ ಸಿಕ್ಕಿತ್ತು. ಆ ಮೂಳೆಗಳನ್ನೂ ಈ ದೂರನ್ನೂ ಗಂಟು ಹಾಕಲಾಯಿತು. ದೂರು ಕೊಟ್ಟವರೇ ಕೊಲೆಗಾರರಾದರು. ಕಾಣೆಯಾದವಳ ತಾಯಿಯ ರಕ್ತದ ಮಾದರಿಯನ್ನು ಡಿಎನ್‌ಎ ಪರೀಕ್ಷೆಗೆ ಕಳಿಸಿದ್ದರೂ ವರದಿ ಬರುವ ಮೊದಲೇ ಆರೋಪಪಟ್ಟಿ ಸಲ್ಲಿಕೆಯಾಯಿತು. ವರದಿ ಬಂದಾಗ ಆ ಮೂಳೆಗಳಿಗೂ ಆ ತಾಯಿಗೂ ಸಂಬಂಧವಿರಲಿಲ್ಲ. ಆದರೂ ವಿಚಾರಣೆ ಮುಂದುವರಿಯಿತು. ಕೊನೆಗೆ 2025ರ ಏಪ್ರಿಲ್‌ನಲ್ಲಿ ಹೆಂಡತಿಯೇ ಮೈಸೂರಿನ ನ್ಯಾಯಾಲಯದಲ್ಲಿ ಬಂದು ನಿಂತಳು, ಅವರು ನಿರ್ದೋಷಿ ಎಂದು ತೀರ್ಪಾಯಿತು. ತನಿಖಾಧಿಕಾರಿಯ ಮೇಲೆ ಕ್ರಮಕ್ಕೂ, ಒಂದು ಲಕ್ಷ ರೂಪಾಯಿ ಪರಿಹಾರಕ್ಕೂ ನ್ಯಾಯಾಲಯ ಆದೇಶಿಸಿತು.

‘ಪೊಲೀಸರೂ ಮನುಷ್ಯರೇ ಅಲ್ಲವೇ ಫಾದರ್, ತಪ್ಪಾಗಿರಬಹುದು’ ಎನ್ನುತ್ತೀರಿ. ತಪ್ಪಾದರೆ ಅದು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ವಾಲಬೇಕಿತ್ತು. ಇಲ್ಲಿ ಪ್ರತಿ ಹೆಜ್ಜೆಯೂ ಒಂದೇ ಕಡೆಗೆ ವಾಲಿದೆ. ವರದಿ ಬರಲೆಂದು ಕೆಲವು ದಿನ ಕಾಯುವುದಕ್ಕೆ ಏನು ಅಡ್ಡಿಯಿತ್ತು? ಹುಣಸೂರಿನ ಪೇಟೆಯ ಅಂಗಡಿ ಮಾಲೀಕರ ಮೇಲೋ ಕೆ.ಆರ್. ನಗರದ ಗದ್ದೆಯ ಒಡೆಯರ ಮೇಲೋ ಇಂಥದೇ ಸಂಶಯ ಬಂದಿದ್ದರೆ ಖಂಡಿತ ಕಾಯುತ್ತಿದ್ದರು. ಸಂಜೆಯೊಳಗೆ ವಕೀಲರು ಬರುತ್ತಿದ್ದರು, ಮರುದಿನ ಮುಖಂಡರು ಫೋನು ಮಾಡುತ್ತಿದ್ದರು. ಬೈಬಲಿನಲ್ಲಿ ಸುಸಾನ್ನಳ ಪ್ರಕರಣವನ್ನು ನೀವು ಕೇಳಿದ್ದೀರಿ. ಯುವಕ ದಾನಿಯೇಲ ಮಾಡಿದ್ದು ಪವಾಡವಲ್ಲ, ಇಬ್ಬರು ಸಾಕ್ಷಿಗಳನ್ನು ಬೇರೆಬೇರೆಯಾಗಿ ನಿಲ್ಲಿಸಿ ಒಂದೊಂದು ಪ್ರಶ್ನೆ ಕೇಳಿದ, ಅಷ್ಟೇ. ಆ ಒಂದು ಪ್ರಶ್ನೆ ಕೇಳುವವರು ಬೆಟ್ಟದಪುರದಲ್ಲಿ ಇರಲಿಲ್ಲ.

ಇದು ಒಂದು ಠಾಣೆಯ ಮಾತೂ ಅಲ್ಲ. 2022ರ ಅಕ್ಟೋಬರಿನಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಜೇನುಕುರುಬರೊಬ್ಬರು ಜಿಂಕೆ ಮಾಂಸದ ಆರೋಪದ ಮೇಲೆ ಅರಣ್ಯ ಸಿಬ್ಬಂದಿಯ ವಶದಲ್ಲಿದ್ದು ಸತ್ತರು. ಸಿಬ್ಬಂದಿಯ ಮೇಲೆ ಕೊಲೆ ಮೊಕದ್ದಮೆ ದಾಖಲಾಯಿತು. ನಾಗರಹೊಳೆ ಕಾಡಿನಿಂದ ಹೊರಬಿದ್ದ 3,418 ಕುಟುಂಬಗಳಿಗೆ ಪುನರ್ವಸತಿ ಬೇಕೆಂದು ಮುಜಫರ್ ಅಸ್ಸಾದಿಯವರ ಸಮಿತಿ ಹೈಕೋರ್ಟಿಗೆ ವರದಿ ಕೊಟ್ಟದ್ದು 2014ರಲ್ಲಿ. ಕಾಡಿನಿಂದ ಹೊರಗೆ, ಊರಿನಿಂದಲೂ ಹೊರಗೆ. ತಂಬಾಕಿನ ಎಲೆ ಮುರಿಯಲು, ಶುಂಠಿ ಕೀಳಲು ಅವರು ಬೇಕು. ಅವರ ಲೋಟ ಮಾತ್ರ ಹಿತ್ತಿಲಿನಲ್ಲಿ ಬೇರೆ ಇರಬೇಕು. ನಮ್ಮ ಧರ್ಮಕೇಂದ್ರದ ಕುಟುಂಬಗಳೂ ಈ ಮಾತಿಗೆ ಹೊರತಲ್ಲವೆಂದು ನಿಮಗೆ ಗೊತ್ತಿದೆ. ‘ಅವರು ಹಾಗೆಯೇ, ಕುಡಿದು ಬಡಿದಾಡುತ್ತಾರೆ’ ಎಂದು ಮಕ್ಕಳ ಮುಂದೆ ನಾವು ಹೇಳುವ ಮಾತೇ ಠಾಣೆಯಲ್ಲಿ ಆರೋಪಪಟ್ಟಿಯಾಗುತ್ತದೆ.

ಇನ್ನು ಆ ಒಂದು ಲಕ್ಷ. ಎರಡು ವರ್ಷವೆಂದು ಹಿಡಿದರೆ ದಿನಕ್ಕೆ ಸುಮಾರು 137 ರೂಪಾಯಿ. ಆ ಕೂಲಿಗೆ ನಿಮ್ಮ ಹೊಲಕ್ಕೆ ಯಾರಾದರೂ ಬರುತ್ತಾರೆಯೇ? ಆದರೂ ನ್ಯಾಯಾಲಯವನ್ನು ದೂರಲಾರೆ, ಅದು ಕಾನೂನು ಪುಸ್ತಕಕ್ಕಿಂತ ಉದಾರವಾಗಿಯೇ ನಡೆಯಿತು. ಆಧಾರವಿಲ್ಲದೆ ಬಂಧಿಸುವಂತೆ ಮಾಡಿದವನಿಂದ ಕೊಡಿಸಬಹುದಾದ ಪರಿಹಾರಕ್ಕೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಮಿತಿ ಸಾವಿರ ರೂಪಾಯಿ. 2024ರಲ್ಲಿ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದೇ ಸಾವಿರ! ಬಿಡುಗಡೆಯ ತೀರ್ಪಿನ ನಂತರವೂ ಹದಿನಾಲ್ಕು ವರ್ಷ ಸೆರೆಯಲ್ಲಿ ಕೊಳೆತ ಬಿಹಾರದ ರುದುಲ್ ಸಾಹ್ ಅವರಿಗೆ ಸುಪ್ರೀಂ ಕೋರ್ಟು 1983ರಲ್ಲಿ 35,000 ರೂಪಾಯಿ ಕೊಡಿಸಿ ದಾರಿ ತೆರೆಯಿತು. ತಪ್ಪಾಗಿ ಮೊಕದ್ದಮೆಗೆ ಸಿಲುಕಿದವರಿಗೆ ಪರಿಹಾರವನ್ನು ಹಕ್ಕಾಗಿ ಕೊಡುವ ಕಾನೂನು ಬೇಕೆಂದು ಕಾನೂನು ಆಯೋಗ 2018ರಲ್ಲಿ ತನ್ನ 277ನೆಯ ವರದಿಯಲ್ಲಿ ಹೇಳಿತು. ಹೊಸ ಸಂಹಿತೆ ಬರೆದವರ ಮೇಜಿನ ಮೇಲೆ ಆ ವರದಿ ಇದ್ದಿರಲೇಬೇಕು.

ಅವರು ಈಗ ಹೈಕೋರ್ಟಿಗೆ ಹೋಗಿ ಐದು ಕೋಟಿ ಕೇಳಿದ್ದಾರೆ. ‘ಕೂಲಿಯವನಿಗೆ ಐದು ಕೋಟಿಯೇ’ ಎಂದು ಹುಬ್ಬೇರಿಸಿದವರು ಅದೇ ಅರ್ಜಿಯ ಇನ್ನೊಂದು ಬೇಡಿಕೆಯನ್ನು ಗಮನಿಸಲಿಲ್ಲ. ತೀರ್ಪಿನಲ್ಲಿ ತಮ್ಮನ್ನು ‘ಆರೋಪಿ’ ಎಂದು ಕರೆದಿರುವುದನ್ನು ತೆಗೆದು ‘ಸಂತ್ರಸ್ತ’ ಎಂದು ತಿದ್ದಬೇಕೆಂಬುದು ಆ ಬೇಡಿಕೆ. ಹಣಕ್ಕೆ ಲೆಕ್ಕ ಹಾಕುವವರು ಈ ಪದಕ್ಕೆ ಎಷ್ಟು ಬೆಲೆ ಕಟ್ಟುತ್ತಾರೋ ಕಾಣೆ. ನನಗಂತೂ ಇಡೀ ಅರ್ಜಿಯಲ್ಲಿ ಅತ್ಯಂತ ದೊಡ್ಡ ಮೊತ್ತ ಇದೇ ಎನ್ನಿಸಿತು. ಕೊಲೆಗಾರನ ಮಕ್ಕಳೆಂದು ಕರೆಸಿಕೊಂಡವರಿಗೆ ನಿರ್ದೋಷಿಯ ಮಕ್ಕಳೆಂಬ ಹೆಸರು ಕಾಗದದ ಮೇಲಾದರೂ ಬರಬೇಕಲ್ಲ. ಬಂಧಿಸುವಾಗ ಊರಿಗೆಲ್ಲ ಗೊತ್ತಾಗುವಂತೆ ಜೀಪು ಬರುತ್ತದೆ. ಬಿಡುಗಡೆಯ ಸುದ್ದಿಯನ್ನು ಅದೇ ಜೀಪಿನಲ್ಲಿ ಅದೇ ಇಲಾಖೆ ಬಂದು ಪಂಚಾಯಿತಿ ಕಟ್ಟೆಯ ಮೇಲೆ ಓದಿ ಹೇಳಬೇಕೆಂದು ನಾವು ಕೇಳಿದರೆ ತಪ್ಪೇನು?

ಇನ್ನೊಬ್ಬರ ಘನತೆಯೂ ಈ ಪ್ರಕರಣದಲ್ಲಿ ಉಳಿದುಹೋಗಿದೆ. ಅಸ್ಥಿಪಂಜರ ಅವರ ಹೆಂಡತಿಯದಲ್ಲವೆಂದ ಮೇಲೆ ಅದು ಇನ್ನೊಬ್ಬ ಹೆಂಗಸಿನದು. ಆಕೆಗೂ ಒಬ್ಬ ತಾಯಿ ಇದ್ದಿರಬೇಕು, ಯಾವುದೋ ಠಾಣೆಯಲ್ಲಿ ಆಕೆ ಕಾಣೆಯಾದ ದೂರೂ ಇದ್ದಿರಬೇಕು. ಬೇರೆಯವಳ ಹೆಸರನ್ನು ಆಕೆಯ ಮೂಳೆಗಳಿಗೆ ಅಂಟಿಸಿದ ದಿನವೇ ಆಕೆಯನ್ನು ಹುಡುಕುವ ಕೆಲಸ ನಿಂತಿತು.