ಟಾರ್ಚಿಗೆ ಮಿನುಗಿದ ಕಣ್ಣು

ಕಳವಾದವರಿಗೆ ಪಾರಸಿಕ ಎಂದರೆ ಸುರಂಗ. 1916ರಿಂದ ರೈಲುಗಳು ಅದರೊಳಗೆ ಓಡಾಡುತ್ತಿವೆ. ಮೇಲಿನ ಗುಡ್ಡವನ್ನು ಕತ್ತೆತ್ತಿ ನೋಡುವವರು ಕಡಿಮೆ. ಹನ್ನೊಂದು ವರ್ಷ ನಾನೂ ನೋಡಿರಲಿಲ್ಲ. ಕಳೆದ ವರ್ಷ ಮೊದಲ ಮಳೆಯ ಮಾರನೆಯ ರಾತ್ರಿ, ಮಗಳ ಹಟಕ್ಕೆ ಸೋತು ಗುಡ್ಡದ ಅಂಚಿಗೆ ಹೋದೆ. ಹಣೆಗೆ ಕಟ್ಟಿದ ಟಾರ್ಚಿನ ಬೆಳಕು ತರಗೆಲೆಯ ಮೇಲೆ ಬಿದ್ದದ್ದೇ ತಡ, ಅಲ್ಲಲ್ಲಿ ಹಸಿರು ಕಿಡಿ. ಮಳೆಹನಿ ಅಂದುಕೊಂಡೆ. ಒಂದು ಕಿಡಿ ಓಡಿತು!

ಅದು ತೋಳಜೇಡ. ಬೆಕ್ಕಿನ ಕಣ್ಣಿನ ಹಾಗೆ ಇದರ ಕಣ್ಣಿನ ಹಿಂದೆಯೂ ಬೆಳಕನ್ನು ಮರಳಿಸುವ ಪದರವಿದೆ. ಎಂಟು ಕಣ್ಣು: ಕೆಳಸಾಲಿನಲ್ಲಿ ನಾಲ್ಕು ಚಿಕ್ಕವು, ಅದರ ಮೇಲೆ ಎರಡು ದೊಡ್ಡವು, ತಲೆಯ ಮೇಲೆ ಇನ್ನೆರಡು. ಈ ಜಾತಿಯ ಹೆಚ್ಚಿನವು ಬಲೆ ಹೆಣೆಯುವುದಿಲ್ಲ, ನೆಲದ ಮೇಲೆ ಓಡಾಡಿ ಬೇಟೆ ಹಿಡಿಯುತ್ತವೆ. ತಾಯಿ ಮೊಟ್ಟೆಚೀಲವನ್ನು ಹೊಟ್ಟೆಯ ತುದಿಗೆ ಅಂಟಿಸಿಕೊಂಡು ಹೋದಲ್ಲೆಲ್ಲ ಒಯ್ಯುತ್ತದೆ. ಮರಿಗಳು ಹೊರಬಂದ ಮೇಲೆ ಅಷ್ಟನ್ನೂ ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಬೆನ್ನ ತುಂಬ ಮರಿಗಳಿದ್ದ ಒಂದನ್ನು ನೋಡಿ ಮಗಳು, "ಅಪ್ಪಾ, ಕಳವಾ ಲೋಕಲ್" ಎಂದಳು.

ಇಂಥ ಜೀವಕ್ಕೆ ತರಗೆಲೆಯೇ ಚಾವಣಿ, ಅಡುಗೆಮನೆ, ತೊಟ್ಟಿಲು. ಪೋರ್ಚುಗಲ್ಲಿನ ಡೆಸೆರ್ಟಾಸ್ ದ್ವೀಪದ ತೋಳಜೇಡ ಒಂದೇ ಒಂದು ಕಣಿವೆಯಲ್ಲಿದೆ. ಹೊರಗಿಂದ ಬಂದ ಹುಲ್ಲೊಂದು ಅದರ ನೆಲವನ್ನು ಮುಚ್ಚಿದ್ದಕ್ಕೇ ಅದು ಅಳಿವಿನ ಅಂಚಿಗೆ ಬಂತು. ಬ್ರಿಸ್ಟಲ್ ಮೃಗಾಲಯದವರು ಸಾಕಿ ಮರಿ ಮಾಡಿಸಿದರು. ನಮ್ಮ ಗುಡ್ಡದ ಜೇಡಕ್ಕೆ ಅಷ್ಟೆಲ್ಲ ಯೋಗವಿಲ್ಲ. ಒಂದು ಕಡೆ ಕಲ್ಲುಕ್ವಾರಿ (ನಮ್ಮ ಬಿಲ್ಡಿಂಗಿನ ಜಲ್ಲಿಯೂ ಇಂಥದೇ ಗುಡ್ಡದಿಂದ ಬಂದಿರಬೇಕು), ಇನ್ನೊಂದು ಕಡೆ ಮೇಲೇರುತ್ತಿರುವ ಮನೆಗಳು, ಬೇಸಿಗೆಯಲ್ಲಿ ಬೆಂಕಿ. 2021ರಲ್ಲಿ ಥಾಣೆ–ಕಲ್ಯಾಣ ಭಾಗದ ಹೊಸ ಕುಪ್ಪಳಿಸುವ ಜೇಡವೊಂದಕ್ಕೆ ವಿಜ್ಞಾನಿಗಳು ಇಸಿಯಸ್ ತುಕಾರಾಮಿ ಎಂದು ಹೆಸರಿಟ್ಟರು, ಕಸಬ್‌ನನ್ನು ಹಿಡಿದು ಪ್ರಾಣಕೊಟ್ಟ ತುಕಾರಾಮ್ ಓಂಬಳೆ ಅವರ ನೆನಪಿಗೆ. ಊರೊಳಗೇ ಹೆಸರಿಲ್ಲದ ಜೀವಗಳು ಇನ್ನೂ ಸಿಗುತ್ತಿವೆ ಎಂದಾಯಿತಲ್ಲ.

ಈ ಏಪ್ರಿಲ್‌ನಲ್ಲಿ ಅದೇ ಇಳಿಜಾರಿಗೆ ಯಾರೋ ಬೆಂಕಿ ಹಚ್ಚಿದ್ದರು. ಮಳೆ ಬಿದ್ದ ಮೇಲೆ ಹೋಗಿ ನೋಡಿದೆವು. ಹೋದ ವರ್ಷ ಮಗಳಿಗೆ ಕಿಡಿಗಳ ಎಣಿಕೆಯೇ ತಪ್ಪಿತ್ತು. ಈ ಸಲ ಒಂದು ಕೈಯ ಬೆರಳು ಸಾಕಾಯಿತು.

ಬೆಂಕಿ ಹಚ್ಚಿದವರನ್ನು ಬೈಯಲು ಹೊರಟವನಿಗೆ ನೆನಪಾಯಿತು: ಕಾಂಪೌಂಡಿನ ಹಿಂದಿನ ತರಗೆಲೆಯನ್ನು ವಾರಕ್ಕೊಮ್ಮೆ ಗುಡಿಸಿ ಸುಡಿಸಿ ಎಂದು ಸೊಸೈಟಿಗೆ ಪತ್ರ ಕೊಟ್ಟವನು ನಾನೇ. ಹಾವಿನ ಹೆದರಿಕೆ. ಮೊನ್ನೆ ಭಾನುವಾರ ಹೋಗಿ, ಮಾವಿನಮರದ ಬುಡದ ಎಲೆ ಹಾಗೇ ಇರಲಿ ಎಂದು ಇನ್ನೊಂದು ಪತ್ರ ಕೊಟ್ಟೆ. ಸೆಕ್ರೆಟರಿ ಎರಡು ಸಲ ಓದಿ ಮರಾಠಿಯಲ್ಲಿ ಕೇಳಿದರು, "ಜೇಡಕ್ಕೋಸ್ಕರವಾ?" ಹೌದೆಂದೆ. ದೀಪಾವಳಿಯವರೆಗೆ ಬಿಟ್ಟು ನೋಡೋಣ ಎಂದಿದ್ದಾರೆ.