ಹೆಬ್ಬೆರಳಿಗೆ ಉತ್ತರ ಕೊಡದ ಬೇಸ್ ಗಿಟಾರ್

ಕಟಪಾಡಿ ಪೇಟೆಯಿಂದ ಮಟ್ಟುವಿನ ಕಡಲಿಗೆ ಕೆಲವೇ ಕಿಲೋಮೀಟರ್. ಜೂನ್ ಕಾಲಿಟ್ಟರೆ ಸಾಕು, ಬಾಗಿಲ ಮೂಲೆಯ ಚಪ್ಪಲಿಗೆ ಬೂಸ್ಟು ಹಿಡಿಯುತ್ತದೆ, ಬೀಗದ ಕೈಗೆ ತುಕ್ಕು ಬರುತ್ತದೆ. ಅಂಥದೊಂದು ಸಂಜೆ ನೆರೆಮನೆಯ ಹುಡುಗ ತನ್ನ ಬೇಸ್ ಗಿಟಾರ್ ಹೊತ್ತು ತಂದ. ಚರ್ಚಿನ ಕ್ವಾಯರಿನಲ್ಲಿ ನುಡಿಸುವವನು.

"ಸ್ಲ್ಯಾಪ್ ಮಾಡಿದ್ರೆ ಬರೀ ಡಬ್ ಡಬ್ ಅಂತದೆ ಅಂಕಲ್. ಟಣ್ ಅಂತ ಬರುದೇ ಇಲ್ಲ. ಪಿಕಪ್ ಬದಲಿಸ್ಬೇಕಂತೆ, ಆರು ಸಾವಿರ ಆಗ್ತದಂತೆ."

"ತಂತಿ ಬದಲಿಸಿ ಎಷ್ಟು ಸಮಯ ಆಯ್ತು ಮಾರಾಯ?"

ತೆಗೆದುಕೊಂಡ ಮೇಲೆ ಬದಲಿಸಿಯೇ ಇರಲಿಲ್ಲ. ಎರಡು ಮಳೆಗಾಲ ಕಳೆದಿತ್ತು.

ಬೇಸ್ ಗಿಟಾರೆಂದರೆ ಹಾಡಿನ ಅಡಿಪಾಯದಲ್ಲಿ ಓಡಾಡುವ ನಾಲ್ಕು ದಪ್ಪ ತಂತಿಗಳ ವಾದ್ಯ. 1981ರ 'ಗೀತಾ' ಚಿತ್ರದ ಹಾಡುಗಳನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿದರೆ ಇಳಯರಾಜ ಅದಕ್ಕೆ ಎಷ್ಟು ಜಾಗ ಕೊಟ್ಟಿದ್ದಾರೆಂದು ಗೊತ್ತಾಗುತ್ತದೆ. ಸಾಮಾನ್ಯವಾಗಿ ಇದನ್ನು ಬೆರಳಿನಿಂದ ಮೀಟುತ್ತಾರೆ. ಸ್ಲ್ಯಾಪ್ ಶೈಲಿಯಲ್ಲಿ ಮಾತ್ರ ದಪ್ಪ ತಂತಿಗೆ ಹೆಬ್ಬೆರಳ ಗೆಣ್ಣಿನಿಂದ ಹೊಡೆಯುತ್ತಾರೆ, ತೆಳು ತಂತಿಯನ್ನು ತೋರುಬೆರಳಿನಿಂದ ಎಳೆದು ಬಿಡುತ್ತಾರೆ. ಅಮೆರಿಕದ ಲ್ಯಾರಿ ಗ್ರಹಾಂ 1960ರ ದಶಕದಲ್ಲಿ ಇದನ್ನು ರೂಢಿಗೆ ತಂದದ್ದು ತಾಯಿಯ ಜೊತೆ ನುಡಿಸುತ್ತಿದ್ದಾಗ. ತಂಡದಲ್ಲಿ ಡ್ರಮ್ಸ್ ಇರಲಿಲ್ಲ, ಆ ಕೊರತೆಯನ್ನು ಅವರ ಹೆಬ್ಬೆರಳು ತುಂಬಿತು. ಅಂದರೆ ಇದು ಹುಟ್ಟಿನಿಂದಲೇ ಅರ್ಧ ತಂತಿವಾದ್ಯ, ಅರ್ಧ ಚರ್ಮವಾದ್ಯದ ಕೆಲಸ.

ಆ 'ಟಣ್' ಬರುವುದು ಎಲ್ಲಿಂದ? ಪೆಟ್ಟು ತಿಂದ ತಂತಿ ಕೆಳಗಿನ ಲೋಹದ ಪಟ್ಟಿಗಳಿಗೆ, ಅಂದರೆ ಫ್ರೆಟ್ಟುಗಳಿಗೆ, ಬಡಿದು ಹಾರುವ ಕ್ಷಣದಿಂದ. ನಮ್ಮ ತಂಬೂರಿಯನ್ನು ನೆನೆಸಿಕೊಳ್ಳಿ. ಕುದುರೆಯ ಮೇಲೆ, ತಂತಿಯ ಅಡಿಗೆ ಒಂದೆಳೆ ನೂಲು ಸಿಕ್ಕಿಸಿ ಸರಿಯಾದ ಜಾಗಕ್ಕೆ ಸರಿಸುತ್ತಿದ್ದಂತೆ ಮಂಕಾಗಿದ್ದ ನಾದ ಝೇಂಕರಿಸತೊಡಗುತ್ತದೆ. ತಂತಿ ಕುದುರೆಯ ಉಬ್ಬಿಗೆ ತಾಗಿ ತಾಗಿ ಬಿಡುವುದರಿಂದ ಮೇಲಿನ ಸ್ವರಾಂಶಗಳು ಎಚ್ಚರಗೊಳ್ಳುತ್ತವೆ. ತಂತಿ ಮೀಟಿದ ಜಾಗಕ್ಕೆ ಅನುಗುಣವಾಗಿ ಕೇಳಿಸಲೇಬಾರದಿದ್ದ ಸ್ವರಾಂಶಗಳೂ ತಂಬೂರಿಯಲ್ಲಿ ಗಟ್ಟಿಯಾಗಿ ಕೇಳುತ್ತವೆ ಎಂದು ಸಿ.ವಿ. ರಾಮನ್ 1921ರಲ್ಲೇ ಬರೆದಿದ್ದರು. ಬೇಸಿನ ಸ್ಲ್ಯಾಪಿನಲ್ಲೂ ಹೀಗೆ ತಾಗಿ ಬಿಡುವುದೇ ಜೀವಾಳ, ಇಲ್ಲಿ ಲೋಹಕ್ಕೆ ಲೋಹ. ಪಿಕಪ್ ಏನಿದ್ದರೂ ಆದದ್ದನ್ನು ಕೇಳಿಸಿಕೊಳ್ಳುವ ಕಿವಿ. ತಂತಿಯಲ್ಲಿ ಹುಟ್ಟದ ಸದ್ದನ್ನು ಆರು ಸಾವಿರದ ಕಿವಿ ಎಲ್ಲಿಂದ ಕೇಳೀತು?

ಹಾಗಾಗಿ ಮೊದಲ ಖರ್ಚು ತಂತಿಗೆ. ಬೇಸ್ ತಂತಿಯೆಂದರೆ ನಡುವೆ ಉಕ್ಕಿನ ಎಳೆ, ಅದರ ಮೇಲೆ ಒತ್ತೊತ್ತಾಗಿ ಸುತ್ತಿದ ಇನ್ನೊಂದು ಎಳೆ. ಆ ಸುತ್ತುಗಳ ಸಂದಿಯಲ್ಲಿ ಬೆವರು, ಚರ್ಮದ ಕೊಳೆ, ನಮ್ಮ ಉಪ್ಪುಗಾಳಿಯ ತುಕ್ಕು ಸೇರಿಕೊಂಡರೆ ತಂತಿ ಚುರುಕಾಗಿ ಕಂಪಿಸುವುದಿಲ್ಲ; ಮೊದಲು ಸಾಯುವುದು ಆ ಮಿನುಗುವ ಮೇಲಿನ ಸ್ವರಾಂಶಗಳೇ. ಹುಡುಗನಿಗೆ ನಂಬಿಕೆ ಬರಲೆಂದು ಹಳೆಯ ತಂತಿಗಳನ್ನು ಬಿಚ್ಚಿ, ಸುರುಳಿ ಸುತ್ತಿ, ಹಳೆಯ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸಿದೆವು. ನೀರು ಚಹಾದ ಬಣ್ಣಕ್ಕೆ ತಿರುಗಿತು, ಮೇಲೆ ಜಿಡ್ಡಿನ ಪೊರೆ ತೇಲಿತು. ಚೆನ್ನಾಗಿ ಒಣಗಿಸಿ ಮತ್ತೆ ಬಿಗಿದಾಗ ಅವನ ಮುಖ ನೋಡಬೇಕಿತ್ತು. ಈ ಉಪಾಯ ಕೆಲವು ದಿನಗಳದ್ದು ಮಾತ್ರ. ತುಕ್ಕು ಹೋಗುವುದಿಲ್ಲ, ಒಳಗೆ ತೇವ ಉಳಿದರೆ ಇನ್ನಷ್ಟು ಬೇಗ ಹಾಳು. ಕೊಳ್ಳುವಾಗ ಉಕ್ಕಿನ ರೌಂಡ್‌ವೂಂಡ್ ತಂತಿ ಕೇಳಿ, 45ರಿಂದ 105ರ ಗೇಜು ಸಾಕು. ನಿಕ್ಕಲ್ ತಂತಿ ಬೆರಳಿಗೂ ಫ್ರೆಟ್ಟಿಗೂ ಮೃದು, ಆದರೆ ಹೊಳಪು ಸ್ವಲ್ಪ ಕಡಿಮೆ.

ಎರಡನೆಯದು ಕತ್ತಿನ ಬಾಗು. ಮರ ತೇವ ಕುಡಿಯುತ್ತದೆ, ಒಣಗುತ್ತದೆ, ಅದಕ್ಕೆ ತಕ್ಕಂತೆ ಕತ್ತು ಬಾಗುತ್ತದೆ. ಬಾಗು ಹೆಚ್ಚಾದರೆ ನಡುವೆ ತಂತಿ ಫ್ರೆಟ್ಟಿನಿಂದ ದೂರ, ಹೆಬ್ಬೆರಳಿಗೆ ಬರೀ ಡಬ್. ಬಾಗೇ ಇಲ್ಲದಿದ್ದರೆ ತಂತಿ ಎಲ್ಲೆಂದರಲ್ಲಿ ಕರಕರ ಎನ್ನುತ್ತದೆ. ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕತ್ತು ಒಡಲಿಗೆ ಸೇರುವಲ್ಲಿಯ ಫ್ರೆಟ್ಟಿನಲ್ಲೂ ಒತ್ತಿ ಹಿಡಿದು ಏಳು-ಎಂಟನೆಯ ಫ್ರೆಟ್ಟಿನ ಬಳಿ ನೋಡಿ: ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು, ಸುಮಾರು 0.3 ಮಿಲಿಮೀಟರ್ ಸಂದು ಇದ್ದರೆ ಸರಿ. ನಿಖರವಾಗಿ ಬೇಕೆಂದರೆ ಬೈಕ್ ಗ್ಯಾರೇಜಿನಲ್ಲಿ ಫೀಲರ್ ಗೇಜ್ ಸಿಗುತ್ತದೆ. ಬಾಗನ್ನು ತಿದ್ದುವ, ಕತ್ತಿನೊಳಗಿನ ಟ್ರಸ್ ರಾಡನ್ನು ಅಲೆನ್ ಕೀಯಿಂದ ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಗಟ್ಟಿ ಕೂತಿದ್ದರೆ ಬಲ ಹಾಕಲೇಬೇಡಿ, ತಿಳಿದವರ ಕೈಗೆ ಕೊಡಿ. ಆಮೇಲೆ ಕುದುರೆಯ ಸ್ಕ್ರೂಗಳಿಂದ ಹನ್ನೆರಡನೆಯ ಫ್ರೆಟ್ಟಿನ ಮೇಲೆ ದಪ್ಪ ತಂತಿಯನ್ನು 2 ಮಿಲಿಮೀಟರ್ ಎತ್ತರಕ್ಕೆ, ತೆಳು ತಂತಿಯನ್ನು ಅದಕ್ಕಿಂತ ತುಸು ಕೆಳಕ್ಕೆ ತನ್ನಿ.

ಅಗ್ಗದ ಬೇಸಿನಲ್ಲಿ ನಿಜವಾಗಿ ಉಳಿತಾಯ ಮಾಡಿರುವುದು ಹೆಚ್ಚಾಗಿ ಫ್ರೆಟ್ ಕೆಲಸದಲ್ಲಿ. ಎಟಿಎಂ ಕಾರ್ಡಿನ ಅಂಚನ್ನು ಮೂರು ಫ್ರೆಟ್ಟುಗಳ ಮೇಲಿಟ್ಟಾಗ ಅದು ತಕ್ಕಡಿಯಂತೆ ಆಡಿದರೆ ನಡುವಿನದು ಎದ್ದಿದೆ ಎಂದರ್ಥ. ಅದನ್ನು ಸಮ ಮಾಡಿಸಲು ಕೊಟ್ಟ ದುಡ್ಡು ಹೊಸ ಪಿಕಪ್ಪಿಗಿಂತ ಹೆಚ್ಚು ಫಲ ಕೊಡುತ್ತದೆ. ಇದನ್ನು ನಾನು ಖಚಿತವಾಗಿ ಹೇಳಬಲ್ಲೆ.

ಇನ್ನು ವಿದ್ಯುತ್ತಿನ ಭಾಗ. ಎರಡು ಪಿಕಪ್ಪಿನ ಜಾಝ್ ಬೇಸ್ ಮಾದರಿಯಾದರೆ ಎರಡರ ವಾಲ್ಯೂಮನ್ನೂ ಪೂರ್ತಿ ಇಡಿ. ಒಂದಕ್ಕೊಂದು ಬೆರೆತು ನಡುಸ್ವರ ತಾನಾಗಿ ಇಳಿಯುತ್ತದೆ, ಸ್ಲ್ಯಾಪಿಗೆ ಅದೇ ಬೇಕು. ಟೋನ್ ಗುಬ್ಬಿ ಪೂರ್ತಿ ತೆರೆದಿರಲಿ. ಆಂಪಿನಲ್ಲಿ ನಡುಸ್ವರವನ್ನು ತೀರಾ ಇಳಿಸಿದರೆ ಮನೆಯಲ್ಲಿ ಸೊಗಸು, ತಂಡದಲ್ಲಿ ಮಾಯ.

ಹಬ್ಬದ ಕಾರ್ಯಕ್ರಮಗಳಲ್ಲಿ ಆಗುವ ತಪ್ಪೊಂದಿದೆ. ಬ್ಯಾಟರಿ ಇಲ್ಲದ ಸಾದಾ ಬೇಸನ್ನು ಸೌಂಡಿನವರು ನೇರ ಮಿಕ್ಸರಿನ ಲೈನ್ ಸಾಕೆಟ್ಟಿಗೆ ಚುಚ್ಚುತ್ತಾರೆ. ಆ ಸಾಕೆಟ್ ಪಿಕಪ್ಪಿನ ದುರ್ಬಲ ಕರೆಂಟನ್ನು ಎಳೆದು ಹಾಕುತ್ತದೆ, ಮೊದಲು ಕಳೆದುಹೋಗುವುದು ಮೇಲಿನ ಸ್ವರಾಂಶ. ಮನೆಯಲ್ಲಿ ಟಣ್ ಎಂದ ಬೇಸ್ ವೇದಿಕೆಯಲ್ಲಿ ಡಬ್ ಎನ್ನುವುದು ಹೀಗೆ. ನಡುವೆ ಪಿಕಪ್ಪಿನ ಸದ್ದನ್ನು ಮಿಕ್ಸರಿಗೆ ಹೊಂದಿಸಿ ಕೊಡುವ ಒಂದು ಡಿಐ ಬಾಕ್ಸ್, ಆಕ್ಟಿವ್ ಆದರೆ ಇನ್ನೂ ಒಳ್ಳೆಯದು, ಇದ್ದರೆ ಸಮಸ್ಯೆಯೇ ಇಲ್ಲ. ಕೇಳಿ ಹಾಕಿಸಿಕೊಳ್ಳಲು ಸಂಕೋಚ ಬೇಡ.

ಕೈಯ ವಿಷಯ. ಹುಡುಗ ಹೊಡೆದು ಹೆಬ್ಬೆರಳನ್ನು ತಂತಿಯ ಮೇಲೆಯೇ ಒರಗಿಸುತ್ತಿದ್ದ. ಬಿಸಿ ಕಾವಲಿ ತಾಗಿದ ಬೆರಳು ಹಿಂದೆ ಹಾರುವಂತೆ ಅದು ಹಾರಬೇಕು. ತೋಳಿನ ಬಲ ಬೇಡ, ಬೀಗದ ಕೈ ತಿರುಗಿಸುವಂತೆ ಮಣಿಕಟ್ಟು ತಿರುಗಿದರೆ ಸಾಕು. ಪೆಟ್ಟು ಬೀಳಬೇಕಾದದ್ದು ಕತ್ತಿನ ಕೊನೆಯ ಫ್ರೆಟ್ಟಿನ ಬಳಿ. ನುಡಿಸದ ತಂತಿಗಳ ಮೇಲೆ ಎಡಗೈ ಹಗುರವಾಗಿ ಕೂತಿರಲಿ, ಇಲ್ಲವಾದರೆ ಎಲ್ಲವೂ ಒಟ್ಟಿಗೆ ಗುಂಯ್‌ಗುಡುತ್ತವೆ.

ಅವನು ಹೊಸ ತಂತಿ ತರಿಸಿದ. ಫ್ರೆಟ್ಟುಗಳನ್ನು ಸಣ್ಣ ಸ್ಟೀಲ್ ವುಲ್ಲಿನಿಂದ ಉಜ್ಜಿದೆವು, ಮೊದಲೇ ಪಿಕಪ್ಪಿಗೆ ಟೇಪ್ ಅಂಟಿಸಿ, ಏಕೆಂದರೆ ಉದುರಿದ ಕಬ್ಬಿಣದ ಪುಡಿ ಅಲ್ಲಿನ ಅಯಸ್ಕಾಂತಕ್ಕೆ ಹೋಗಿ ಅಂಟುತ್ತದೆ. ನುಡಿಸಿದ ಮೇಲೆ ಪ್ರತಿ ಸಲ ಒಣ ಬಟ್ಟೆಯಿಂದ ತಂತಿಯ ಅಡಿಯನ್ನೂ ಒರೆಸುವುದು, ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡುವುದು ಅವನ ಪಾಲಿನ ಕೆಲಸ. ಮಳೆ ಬಿಟ್ಟು ಗಾಳಿ ಒಣಗುವ ಡಿಸೆಂಬರಿನಲ್ಲಿ ಕತ್ತು ಮತ್ತೆ ಸ್ವಲ್ಪ ಅಲುಗಿರುತ್ತದೆ. ಆಗ ವಿಸಿಟಿಂಗ್ ಕಾರ್ಡ್ ಹಿಡಿದುಕೊಂಡು ಬರಲು ಹೇಳಿದ್ದೇನೆ.