ನೀರು ಧಣಿಯದು, ಸಾವು ಕೂಲಿಯವನದು



'ಸ್ವಂತ ಆಸ್ತಿ' ಅಂತಾರಲ್ಲ, ಅದರ ಗಡಿ ಎಲ್ಲಿಗೆ ಮುಗಿಯುತ್ತೆ? ಬೇಲಿಗೆ ಅಂತೀರಿ. ತೋಟಕ್ಕೆ ಅದು ಸರಿ. ಗುಡ್ಡದ ಮೇಲೆ ಮಣ್ಣಿನ ಏರಿ ಹಾಕಿ ಧಣಿ ನಿಲ್ಲಿಸಿಕೊಂಡ ನೀರಿಗೆ ಯಾವ ಬೇಲಿ? ಏರಿ ಒಡೆದ ದಿನ ಅದು ಯಾರ ಸರ್ವೆ ನಂಬರನ್ನೂ ಕೇಳುವುದಿಲ್ಲ. ತಗ್ಗಿಗೆ ನುಗ್ಗುತ್ತೆ. ತಗ್ಗಿನಲ್ಲಿ ಯಾರಿರುತ್ತಾರೆ ಅಂತ ನಿಮಗೆ ಬಿಡಿಸಿ ಹೇಳಬೇಕೆ?

ಕೀನ್ಯಾ ದೇಶದ ನಕುರು ಪ್ರಾಂತದಲ್ಲಿ ಸೊಲಾಯ್ ಅಂತ ಊರು. ಅಲ್ಲಿ ದೊಡ್ಡ ಜಮೀನ್ದಾರಿ ತೋಟಕ್ಕೆ ನೀರುಣಿಸಲು ಕಟ್ಟಿದ ಮಣ್ಣಿನ ಕಟ್ಟೆಗೆ ಜನ ಇಟ್ಟ ಹೆಸರು ಪಟೇಲ್ ಡ್ಯಾಮು. 2018ರ ಮೇ 9ರ ರಾತ್ರಿ, ದಿನಗಟ್ಟಲೆ ಸುರಿದ ಮಳೆಯಲ್ಲಿ ಅದು ಒಡೆಯಿತು. ಕನಿಷ್ಠ 47 ಜನ ಸತ್ತರು. ಅವರಲ್ಲಿ ಮಕ್ಕಳು ಬಹಳ. ಸತ್ತವರು ಕೂಲಿಯವರು, ಚೂರು ಭೂಮಿಯವರು. ಆ ನೀರಲ್ಲಿ ಬೆಳೆದ ಫಸಲಿನ ಲಾಭ ಅವರ ಮನೆಗೆ ಬಂದಿರಲಿಲ್ಲ. ನೀರು ಮಾತ್ರ ಬಂತು.

ಮಾಲೀಕ, ಮ್ಯಾನೇಜರು, ಸರ್ಕಾರಿ ನೌಕರರು ಸೇರಿ ಒಂಬತ್ತು ಜನರ ಮೇಲೆ ಕೇಸು ಬಿತ್ತು. ತಪ್ಪಿಲ್ಲ ಅಂದರು. 2020ರ ಫೆಬ್ರವರಿಯಲ್ಲಿ, ಸರ್ಕಾರಿ ವಕೀಲರು ಸಾಕ್ಷಿ ತರಲಿಲ್ಲ ಅಂತ ಕೋರ್ಟು ಎಲ್ಲರನ್ನೂ ಬಿಟ್ಟಿತು. ಅದೇ ವರ್ಷ ಹೈಕೋರ್ಟು ಆ ಬಿಡುಗಡೆಯನ್ನು ರದ್ದು ಮಾಡಿತು. ಏರಿ ಒಡೆಯಲು ಒಂದು ರಾತ್ರಿ ಸಾಕಾಯಿತು. ನ್ಯಾಯಕ್ಕೆ ವರ್ಷಗಳೂ ಸಾಲಲಿಲ್ಲ.

ಬಡದೇಶ, ಅದಕ್ಕೇ ಹೀಗೆ ಅನ್ನುವ ಮೇಷ್ಟ್ರುಗಳಿದ್ದಾರೆ. ಅಮೆರಿಕದ ಹವಾಯಿಗೆ ಬನ್ನಿ. ಕವಾಯ್ ದ್ವೀಪದ ಕಾ ಲೋಕೊ ಕಟ್ಟೆ, ಕಬ್ಬಿನ ಕಂಪನಿಗಳ ಕಾಲದ್ದು. 2006ರ ಮಾರ್ಚ್ 14ರಂದು ಒಡೆದು ಏಳು ಜನ ಸತ್ತರು. ಕೋಡಿಯನ್ನೇ ಮಣ್ಣು ತುಂಬಿ ಮುಚ್ಚಿದ್ದ ಅನ್ನುವುದು ಮಾಲೀಕನ ಮೇಲಿನ ಆರೋಪ. ಸರ್ಕಾರದ ಕಡತದಲ್ಲಿ ಆ ಕಟ್ಟೆಯ ಅಪಾಯ 'ಕಡಿಮೆ'! ಕೊನೆಗೆ ಅವನಿಗೆ ಆದ ಶಿಕ್ಷೆ ಏಳು ತಿಂಗಳು. ತಲೆಗೆ ಒಂದು ತಿಂಗಳು. ಲೆಕ್ಕ ಸರಿಯಾಯಿತಲ್ಲ?

ಇದನ್ನು ದೈವದಾಟ ಅಂತಾರೆ. ಸುಳ್ಳು. ಮಣ್ಣಿನ ಏರಿ ಹೇಳದೆ ಕೇಳದೆ ಸಾಯುವುದು ಕಡಿಮೆ. ಕೋಡಿ ಕಟ್ಟಿಕೊಂಡರೆ ನೀರು ಏರಿಯ ನೆತ್ತಿ ಹತ್ತುತ್ತೆ, ಹತ್ತಿ ಕೊರೆಯುತ್ತೆ. ಏರಿ ಮೇಲೆ ಮರ ಬೆಳೆದರೆ ಬೇರು ದಾರಿ ಮಾಡುತ್ತೆ. ಇಲಿ, ಏಡಿ ಬಿಲ ತೋಡುತ್ತವೆ. ತಿಳಿನೀರು ಜಿನುಗಿದರೆ ಕಣ್ಣಿಡಬೇಕು. ಕೆಂಪು ನೀರು ಬಂತೋ, ಏರಿಯ ಒಳಮಣ್ಣೇ ಹೊರಟಿದೆ ಅಂತ ಅರ್ಥ. ಇದನ್ನು ಕಾಣಲು ಇಂಜಿನಿಯರೇ ಬೇಕಿಲ್ಲ. ನಮ್ಮ ಕೇರಿಯ ನೀರಗಂಟಿಗಳು ತಲೆಮಾರುಗಳಿಂದ ಕಂಡವರೇ. ಕಂಡರೆ ಸಾಲದು, ತೂಬು ಎತ್ತುವ ಅಧಿಕಾರ ಬೇಕು. ಧಣಿಯ ಕಟ್ಟೆಯಲ್ಲಿ ಆ ಅಧಿಕಾರ ಧಣಿಯದು. ನೀರು ಬಿಟ್ಟರೆ ಬೆಳೆ ಒಣಗುತ್ತೆ, ಬಿಡದಿದ್ದರೆ ಯಾರದೋ ಮಕ್ಕಳು. ಅವನು ಯಾವುದನ್ನು ಆರಿಸುತ್ತಾನೆ?

ನಮ್ಮ ದೇಶದಲ್ಲೂ 2021ರಲ್ಲಿ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂತು. ರಿಪೇರಿಗೆ ದುಡ್ಡು ತೆಗೆದಿಡುವುದು ಮಾಲೀಕನ ಹೊಣೆ ಅನ್ನುತ್ತೆ. ಒಳ್ಳೆಯದು. ಆದರೆ 15 ಮೀಟರ್ ಮೀರಿದ ಕಟ್ಟೆ ಅದರೊಳಗೆ. 10ರಿಂದ 15 ಮೀಟರಿನವು ಷರತ್ತಿಗೆ ಒಳಪಟ್ಟು. ಅದಕ್ಕಿಂತ ಕುಳ್ಳಗಿನದು ಹೊರಗೆ. ಕಾನೂನು ಏರಿಯ ಎತ್ತರ ಅಳೆಯಿತು, ಕೆಳಗೆ ಮಲಗಿದವರನ್ನು ಎಣಿಸಲಿಲ್ಲ. ನಮ್ಮ ಮಲೆನಾಡಿನ ಕಾಫಿ ತೋಟಗಳಲ್ಲೂ ಖಾಸಗಿ ಕೆರೆಗಳಿವೆ, ಲೈನ್ ಮನೆಗಳಿವೆ. ಯಾವುದು ಮೇಲೆ, ಯಾವುದು ಕೆಳಗೆ? ರಜೆಗೆ ಊರಿಗೆ ಹೋದಾಗ ನೋಡಿ ಬನ್ನಿ.

ನೀರಿಗಾಗಿ ಭಾಗೀರಥಿಯನ್ನು ಬಲಿ ಕೊಟ್ಟ 'ಕೆರೆಗೆ ಹಾರ'ವನ್ನು ತ್ಯಾಗದ ಕತೆ ಅಂತ ಪಾಠ ಹೇಳಿಸಿಕೊಂಡೆವು. ಆ ಗೌಡ ತನ್ನ ಮನೆಯ ಸೊಸೆಯನ್ನೇ ಕೊಟ್ಟ. ಈಗಿನ ಗೌಡರು ಬೇರೆಯವರ ಮಕ್ಕಳನ್ನು ಕೊಡುತ್ತಾರೆ.

ಆದ್ದರಿಂದ ಕೇಳೋಣ: ಕೆಳಗೆ ಒಂದೇ ಗುಡಿಸಲಿದ್ದರೂ ಆ ಕಟ್ಟೆ ಸರ್ಕಾರದ ತಪಾಸಣೆಗೆ ಬರಲಿ. ತಪಾಸಣೆಯ ವರದಿಯನ್ನು ಕನ್ನಡದಲ್ಲಿ ಲೈನ್ ಮನೆಯ ಗೋಡೆಗೆ ಅಂಟಿಸಲಿ. ಕೆಂಪು ನೀರು ಕಂಡ ಕೂಲಿಯವನ ಮಾತಿಗೆ ತೂಬು ಏಳಲಿ.

ಸತ್ತ ಮೇಲಿನ ಪರಿಹಾರದ ಚೆಕ್ಕು ಬೇಡ. ಬದುಕಿರುವಾಗಲೇ ತೂಬಿನ ಕೀಲಿ ಕೊಡಿ.